ನೆಲದ ಮೇಲಿನ ಮೋಡ

ಈ ಪತ್ರಿಕೆಯನ್ನು ಓದುವವರ ಮನೆಯಲ್ಲಿ ಒಂದು ರೇಡಿಯೋ ಇದೆಯೆಂದು ಊಹಿಸಿದರೆ ತಪ್ಪಾಗಲಾರದು. ಸಂಜೆ ನೀವು ಅದರ ಗುಂಡಿಯನ್ನು ತಿರುಗಿಸುತ್ತೀರಿ. ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ, ಸ್ವರ ಕೇಳಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಎಲ್ಲಿ ಹುಟ್ಟಿತು, ಯಾವ ಹೊಳೆಯ ನೀರು ಯಾವ ಚಕ್ರವನ್ನು ತಿರುಗಿಸಿತು ಎಂದು ಯಾರೂ ವಿಚಾರಿಸುವುದಿಲ್ಲ. ತಿಂಗಳ ಕೊನೆಗೆ ಬಿಲ್ಲು ಬಂದಾಗ ಮಾತ್ರ ಒಂದು ಕ್ಷಣ ಯೋಚಿಸುತ್ತೇವೆ. ಆ ಯೋಚನೆಯೂ ಹೊಳೆಯನ್ನು ಕುರಿತದ್ದಾಗಿರುವುದಿಲ್ಲ.

ಮೊದಲು ಹೀಗಿರಲಿಲ್ಲ. ಯಂತ್ರವನ್ನು ನಡೆಸಬೇಕೆಂದವನು ಅದನ್ನು ನಡೆಸುವ ಶಕ್ತಿಯನ್ನೂ ತಾನೇ ಹುಟ್ಟಿಸಿಕೊಳ್ಳಬೇಕಾಗಿತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರಗಳಿದ್ದುವು. ಅವುಗಳ ಒಲೆಗೆ ದಿನವೂ ಉರುವಲು ಹಾಕಬೇಕಾಗಿತ್ತು. 1902ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರ ತಂತಿಯ ಮೇಲೆ ಹರಿದು ಆ ಗಣಿಗಳನ್ನು ಸೇರಿತು. ವಿದ್ಯುದಾಗಾರವನ್ನು ಕಟ್ಟಿದ್ದು ಮೈಸೂರು ಸರ್ಕಾರ. ಗಣಿಯ ಕಂಪೆನಿಗಳು ಕರಾರಿನಂತೆ ಹಣ ಕೊಟ್ಟು ಶಕ್ತಿಯನ್ನು ಕೊಂಡುಕೊಂಡುವು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಅದೇ ವಿದ್ಯುತ್ತಿನ ದೀಪಗಳು ಹತ್ತಿದುವು. ಶಿವನಸಮುದ್ರಕ್ಕೆ ವಿದ್ಯುದ್ಯಂತ್ರಗಳನ್ನು ಒದಗಿಸಿದ್ದು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಈ ಹೆಸರನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು; ಮುಂದೆ ಅದು ಮತ್ತೆ ಬರಲಿದೆ.

ವಿದ್ಯುತ್ತಿನ ಈ ಹಳೆಯ ಕತೆಯನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಇಂದು ಮನೆಮನೆಯಲ್ಲೂ ಕೇಳಿಬರುವ 'ಕ್ಲೌಡ್' ಎಂಬ ಮಾತಿನ ಹಿಂದೆ ಇರುವುದು ಇದೇ ವ್ಯವಸ್ಥೆ. ಅಲ್ಲಿ ವಿದ್ಯುತ್ತನ್ನು ಮಾರಿದಂತೆ ಇಲ್ಲಿ ಕಂಪ್ಯೂಟರಿನ ಕೆಲಸವನ್ನು ಮಾರುತ್ತಾರೆ.

ಮೊಮ್ಮಗಳ ನಾಮಕರಣದ ಚಿತ್ರಗಳನ್ನು ಫೋನಿನಲ್ಲಿ ತೆಗೆಯುತ್ತೀರಿ. ಆ ಫೋನು ಕಳೆದುಹೋಗುತ್ತದೆ. ಹೊಸ ಫೋನನ್ನು ತಂದು ನಿಮ್ಮ ಹೆಸರನ್ನೂ ಗುಟ್ಟಿನ ಪದವನ್ನೂ ಒತ್ತಿದೊಡನೆ ಚಿತ್ರಗಳೆಲ್ಲ ಪ್ರತ್ಯಕ್ಷವಾಗುತ್ತವೆ. "ಅವು ಕ್ಲೌಡಿನಲ್ಲಿದ್ದುವು" ಎಂದು ಮಗನು ಹೇಳುತ್ತಾನೆ. ಕಾಳಿದಾಸನ ಯಕ್ಷನು ಮೋಡದ ಕೈಯಲ್ಲಿ ಸಂದೇಶವನ್ನು ಕಳಿಸಿದನೆಂದು ಓದಿಕೊಂಡ ನಮಗೆ ಇದು ಒಪ್ಪುವ ಮಾತೇ. ಆದರೆ ಆ ಚಿತ್ರಗಳು ಯಾವ ಆಕಾಶದಲ್ಲೂ ಇರಲಿಲ್ಲ. ಎಲ್ಲೋ ಒಂದು ಊರಿನ ಹೊರವಲಯದಲ್ಲಿ, ಕಿಟಕಿಗಳಿಲ್ಲದ ಒಂದು ದೊಡ್ಡ ಕಟ್ಟಡದಲ್ಲಿ, ಕಪಾಟಿನಂಥ ಚೌಕಟ್ಟುಗಳೊಳಗೆ ಸಾಲಾಗಿ ಜೋಡಿಸಿದ ಸಾವಿರಾರು ಕಂಪ್ಯೂಟರುಗಳಲ್ಲಿ ಕೆಲವು ಅವನ್ನು ಇಟ್ಟುಕೊಂಡಿದ್ದುವು. ಅಲ್ಲಿ ಫ್ಯಾನುಗಳ ಭೋರ್ಗರೆತ, ತಂಪುಮಾಡುವ ಯಂತ್ರಗಳು, ವಿದ್ಯುತ್ತು ನಿಂತರೆ ತಾವೇ ಹೊತ್ತಿಕೊಳ್ಳುವ ಡೀಸೆಲ್ ಜನರೇಟರುಗಳು, ಬಾಗಿಲಲ್ಲಿ ಕಾವಲುಗಾರರು. ಇಂಥ ಕಟ್ಟಡಕ್ಕೆ ಡೇಟಾ ಸೆಂಟರ್ ಎಂದು ಹೆಸರು. ಕ್ಲೌಡ್ ಎಂದರೆ ಇಂಥ ಅನೇಕ ಕಟ್ಟಡಗಳು, ಅವನ್ನು ನಮ್ಮೊಡನೆ ಕೂಡಿಸುವ ತಂತಿಗಳು, ಮತ್ತು ಒಂದು ಲೆಕ್ಕದ ಪುಸ್ತಕ.

ಹಾಗಿದ್ದರೆ ಮೋಡದ ಹೆಸರು ಏಕೆ ಬಂತು? ಎಂಜಿನಿಯರುಗಳು ತಮ್ಮ ನಕ್ಷೆಗಳಲ್ಲಿ ಈ ತುದಿಯ ಯಂತ್ರವನ್ನೂ ಆ ತುದಿಯ ಯಂತ್ರವನ್ನೂ ಸರಿಯಾಗಿ ಬರೆಯುತ್ತಿದ್ದರು. ನಡುವಿನ ತಂತಿಜಾಲದಲ್ಲಿ ಸಂದೇಶ ಯಾವ ದಾರಿ ಹಿಡಿದು ಹೋಗುತ್ತದೆಂಬುದನ್ನು ಬರೆಯುವ ಅಗತ್ಯವಿರಲಿಲ್ಲ. ಅಲ್ಲಿ ಒಂದು ಮೋಡದ ಆಕಾರವನ್ನು ಗೀಚಿ ಬಿಡುತ್ತಿದ್ದರು. 'ಇದರೊಳಗೆ ಏನಿದೆಯೆಂದು ಕೇಳಬೇಡ' ಎಂದು ಅದರ ಅರ್ಥ. 1996ರಲ್ಲಿ ಕಾಂಪ್ಯಾಕ್ ಕಂಪೆನಿಯ ಒಳಗಿನ ಕಾಗದಪತ್ರಗಳಲ್ಲಿ 'ಕ್ಲೌಡ್ ಕಂಪ್ಯೂಟಿಂಗ್' ಎಂಬ ಪದ ಕಾಣಿಸಿಕೊಂಡಿತು. 2006ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯ ಅಂದಿನ ಮುಖ್ಯಸ್ಥರಾದ ಎರಿಕ್ ಶ್ಮಿಟ್ ಅವರು ಒಂದು ಸಮ್ಮೇಳನದಲ್ಲಿ ಅದನ್ನು ಬಳಸಿದ ಮೇಲೆ ಜನರ ಬಾಯಿಗೆ ಬಿತ್ತು. ಹೆಸರು ಹೊಸದು. ಆದರೆ ಹೆಸರಿನ ಹಿಂದಿನ ವಿಚಾರಕ್ಕೆ ಅರವತ್ತು ವರ್ಷಗಳಿಗೂ ಮಿಕ್ಕಿದ ವಯಸ್ಸಾಗಿದೆ. ಅದು ಹುಟ್ಟಿದ್ದು ಕಾದು ಕಾದು ಬೇಸತ್ತ ಕೆಲವು ಜನರ ಅಸಮಾಧಾನದಿಂದ.

1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕಾದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಒಂದೊಂದು ಕಂಪ್ಯೂಟರ್ ಬಂದಿತ್ತು. ಅದು ಒಂದು ಕೋಣೆಯನ್ನೇ ಆಕ್ರಮಿಸುವಷ್ಟು ದೊಡ್ಡದು. ಅದರ ಬೆಲೆ ಲಕ್ಷಾಂತರ ಡಾಲರು. ಅಷ್ಟು ಬೆಲೆಯ ಯಂತ್ರವನ್ನು ಒಂದು ನಿಮಿಷವೂ ಸುಮ್ಮನೆ ಕೂರಿಸಬಾರದೆಂದು ಅದರ ಒಡೆಯರು ತೀರ್ಮಾನಿಸಿದ್ದರು. ಆದ್ದರಿಂದ ಲೆಕ್ಕ ಮಾಡಿಸಬೇಕಾದವರು ಯಂತ್ರದ ಹತ್ತಿರ ಸುಳಿಯುವಂತಿರಲಿಲ್ಲ. ತಮ್ಮ ಆಜ್ಞೆಗಳನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಕೊರೆಸಿ, ಆ ಕಟ್ಟನ್ನು ಕಿಟಕಿಯಲ್ಲಿ ಕೂತ ಸಿಬ್ಬಂದಿಗೆ ಒಪ್ಪಿಸಿ ಮನೆಗೆ ಹೋಗಬೇಕು. ಆತನು ಎಲ್ಲರ ಕಟ್ಟುಗಳನ್ನೂ ಒಟ್ಟುಗೂಡಿಸಿ ಸರದಿಯಂತೆ ಯಂತ್ರಕ್ಕೆ ಉಣಿಸುತ್ತಾನೆ. ಹಲವು ಗಂಟೆಗಳ ಮೇಲೆ, ಒಮ್ಮೊಮ್ಮೆ ಮರುದಿನ, ಉತ್ತರದ ಕಾಗದ ಬರುತ್ತದೆ. ಬಿಡಿಸಿ ನೋಡಿದರೆ 'ಏಳನೆಯ ಕಾರ್ಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದೆ' ಎಂದಿರುತ್ತದೆ! ಅಲ್ಪವಿರಾಮವನ್ನು ತಿದ್ದಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ತಾಲ್ಲೂಕು ಕಚೇರಿಯಿಂದ ಅರ್ಜಿ ವಾಪಸು ಪಡೆದ ಅನುಭವವಿದ್ದವರಿಗೆ ಆ ವಿಜ್ಞಾನಿಗಳ ಸಂಕಟ ಚೆನ್ನಾಗಿ ಅರ್ಥವಾದೀತು.

ಇಲ್ಲಿ ಒಂದು ಅನ್ಯಾಯವಿದೆಯೆಂದು ಕೆಲವರಿಗೆ ತೋರಿತು. ಯಂತ್ರದ ಹೊತ್ತಿಗೆ ಬೆಲೆಯುಂಟು, ಮನುಷ್ಯನ ಹೊತ್ತಿಗೆ ಬೆಲೆಯಿಲ್ಲವೇ? ಮೆಸಾಚುಸೆಟ್ಸಿನ ತಂತ್ರವಿಜ್ಞಾನ ಸಂಸ್ಥೆ, ಅಂದರೆ ಎಂ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ಜಾನ್ ಮೆಕಾರ್ಥಿಯವರು 1959ರ ಜನವರಿಯಲ್ಲಿ ತಮ್ಮ ಸಂಸ್ಥೆಗೆ ಒಂದು ಟಿಪ್ಪಣಿಯನ್ನು ಬರೆದು, ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವಂತೆ ಏರ್ಪಾಡು ಮಾಡಬಹುದೆಂದು ಸೂಚಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯುನೆಸ್ಕೋ ನಡೆಸಿದ ಸಮ್ಮೇಳನದಲ್ಲಿ ಇಂಗ್ಲೆಂಡಿನ ಕ್ರಿಸ್ಟಫರ್ ಸ್ಟ್ರೇಚಿಯವರು ಇದಕ್ಕೆ ಹತ್ತಿರವಾದ ಒಂದು ಪ್ರಬಂಧವನ್ನು ಓದಿದರು.

ಒಂದು ಯಂತ್ರ ಹಲವರ ಕೆಲಸವನ್ನು ಒಟ್ಟಿಗೆ ಮಾಡುವುದು ಹೇಗೆ? ಉಡುಪಿ ಹೋಟೆಲಿನ ಮಾಣಿಯನ್ನು ನೋಡಿ. ಎಂಟು ಮೇಜುಗಳಿಗೆ ಅವನೊಬ್ಬನೇ. ಇಲ್ಲಿ ಇಡ್ಲಿ ಇಟ್ಟು, ಅಲ್ಲಿ ಕಾಫಿ ಕೊಟ್ಟು, ಇನ್ನೊಂದು ಕಡೆ ನೀರು ತುಂಬಿಸಿ, ಮತ್ತೊಬ್ಬರ ಬಿಲ್ಲನ್ನು ಇಟ್ಟು ಬರುತ್ತಾನೆ. ನಾವು ತಿನ್ನುವುದು ನಿಧಾನ, ಅವನು ಓಡಾಡುವುದು ವೇಗ. ಆದ್ದರಿಂದ ಪ್ರತಿಯೊಂದು ಮೇಜಿನವರಿಗೂ ಮಾಣಿ ತಮ್ಮನ್ನೇ ಗಮನಿಸುತ್ತಿದ್ದಾನೆಂದು ಅನ್ನಿಸುತ್ತದೆ. ಟೈಪು ಮಾಡುವ ಮನುಷ್ಯನು ಒಂದು ಅಕ್ಷರವನ್ನು ಒತ್ತಿ ಮುಂದಿನದಕ್ಕೆ ಬೆರಳನ್ನು ಎತ್ತುವಷ್ಟರಲ್ಲಿ ಆ ಕಾಲದ ಯಂತ್ರವೂ ಸಾವಿರಾರು ಲೆಕ್ಕಗಳನ್ನು ಮಾಡಿ ಮುಗಿಸಬಲ್ಲದಾಗಿತ್ತು. ಆ ನಡುವಿನ ಬಿಡುವನ್ನು ಇನ್ನೊಬ್ಬನಿಗೆ ಕೊಟ್ಟರಾಯಿತು. ಇದಕ್ಕೆ 'ಟೈಮ್ ಷೇರಿಂಗ್', ಅಂದರೆ ಕಾಲದ ಹಂಚಿಕೆ, ಎಂದು ಹೆಸರಾಯಿತು.

1961ರಲ್ಲಿ ಎಂ.ಐ.ಟಿ.ಯ ಶತಮಾನೋತ್ಸವ ನಡೆಯಿತು. ಅಲ್ಲಿ ಉಪನ್ಯಾಸ ಮಾಡಿದ ಮೆಕಾರ್ಥಿಯವರು ಒಂದು ಹೆಜ್ಜೆ ಮುಂದೆ ಹೋದರು. ಟೆಲಿಫೋನಿನ ಸೌಕರ್ಯದಂತೆ ಲೆಕ್ಕದ ಸೌಕರ್ಯವೂ ಒಂದು ದಿನ ಸಾರ್ವಜನಿಕ ಸೇವೆಯಾಗಬಹುದು, ಅದೇ ಒಂದು ದೊಡ್ಡ ಉದ್ಯಮವಾಗಬಹುದು, ಬಳಸಿದವರು ತಾವು ಬಳಸಿದಷ್ಟಕ್ಕೆ ಮಾತ್ರ ಹಣ ಕೊಟ್ಟಾರು ಎಂಬುದು ಅವರ ಮಾತಿನ ಸಾರ. ಇಂದಿನ ಕ್ಲೌಡಿನ ಪೂರ್ಣ ವಿವರಣೆ ಇದರಲ್ಲಿದೆ. ಕೃತಕ ಬುದ್ಧಿಗೆ ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರನ್ನು ಇಟ್ಟವರೂ ಇವರೇ. ಒಬ್ಬನೇ ಮನುಷ್ಯನು ಎರಡು ಸಲ ಇಷ್ಟು ದೂರ ನೋಡಿದ್ದು ನನಗಂತೂ ಸೋಜಿಗ.

ಕನಸನ್ನು ಕಂಡವರು ಒಬ್ಬರಾದರೆ ಕಟ್ಟಿ ತೋರಿಸಿದವರು ಇನ್ನೊಬ್ಬರು. ಅದೇ ಸಂಸ್ಥೆಯ ಫರ್ನಾಂಡೋ ಕೊರ್ಬಾಟೋ ಅವರು ಸಂಗಡಿಗರೊಂದಿಗೆ 1961ರ ನವೆಂಬರಿನಲ್ಲಿ ಐ.ಬಿ.ಎಂ. 709 ಎಂಬ ಯಂತ್ರಕ್ಕೆ ನಾಲ್ಕು ಟೈಪ್‌ರೈಟರುಗಳನ್ನು ಕೂಡಿಸಿ ಕಾಲದ ಹಂಚಿಕೆಯನ್ನು ಪ್ರದರ್ಶಿಸಿದರು. ನಾಲ್ಕು ಎರಡು ವರ್ಷಗಳಲ್ಲಿ ಹತ್ತಾರಾಯಿತು. ಆ ಮೇಲೆ ಅವರು ಬಳಸಿದ 7094 ಎಂಬ ಯಂತ್ರದಲ್ಲಿ ತಲಾ 32,768 ಪದಗಳ ಎರಡು ನೆನಪಿನ ಭಾಗಗಳಿದ್ದುವು. ಒಂದು ಮೇಲ್ವಿಚಾರಣೆಯ ಕೆಲಸಕ್ಕೆ, ಇನ್ನೊಂದು ಬಳಕೆದಾರರಿಗೆ. ಅವೆರಡನ್ನೂ ಸೇರಿಸಿದರೂ ನಿಮ್ಮ ಫೋನಿನಲ್ಲಿರುವ ಆ ನಾಮಕರಣದ ಒಂದು ಚಿತ್ರಕ್ಕೆ ಜಾಗ ಸಾಲುತ್ತಿರಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಸುಮಾರು ಮೂವತ್ತು ಜನ ಒಟ್ಟಿಗೆ ಕೆಲಸ ಮಾಡಿದರು. 1965ರಲ್ಲಿ ಅದೇ ವ್ಯವಸ್ಥೆಯೊಳಗೆ ಒಬ್ಬರು ಇನ್ನೊಬ್ಬರಿಗೆ ಓಲೆ ಬರೆದಿಡುವ ಅನುಕೂಲವೂ ಹುಟ್ಟಿಕೊಂಡಿತು.

ಒಂದು ಮನೆಯಲ್ಲಿ ಹಲವರು ಸೇರಿದರೆ ಬೀಗದ ಮಾತು ಬಂದೇ ಬರುತ್ತದೆ. ಒಬ್ಬರ ಬರಹವನ್ನು ಇನ್ನೊಬ್ಬರು ನೋಡದಂತೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದವನ್ನು ಕೊರ್ಬಾಟೋ ಅವರ ತಂಡ ಕೊಟ್ಟಿತು. ನಾವು ಇಂದು ದಿನಕ್ಕೆ ಹತ್ತು ಸಲ ಮರೆಯುವ ಪಾಸ್‌ವರ್ಡಿನ ಮೂಲ ಇದು. ಬೀಗ ಬಂದೊಡನೆಯೇ ಕಳ್ಳಕೀಲಿಯೂ ಬಂತು. 1962ರಲ್ಲಿ ಒಬ್ಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ ಗೊತ್ತುಮಾಡಿದ್ದ ನಾಲ್ಕು ಗಂಟೆಗಳ ಯಂತ್ರಕಾಲ ಸಾಲಲಿಲ್ಲ. ಎಲ್ಲರ ಪದಗಳಿರುವ ಪಟ್ಟಿಯನ್ನು ಅಚ್ಚು ಹಾಕಿಕೊಡು ಎಂದು ಒಂದು ಕಾರ್ಡಿನ ಮೂಲಕ ಯಂತ್ರಕ್ಕೇ ಆಜ್ಞೆ ಕೊಟ್ಟನು. ಯಂತ್ರ ವಿಧೇಯವಾಗಿ ಅಚ್ಚು ಹಾಕಿಕೊಟ್ಟಿತು! ಇಪ್ಪತ್ತೈದು ವರ್ಷಗಳಾದ ಮೇಲೆ ಆತನೇ ಅದನ್ನು ಒಪ್ಪಿಕೊಂಡನು. ಅದೇ ದಶಕದಲ್ಲಿ ಮತ್ತೊಂದು ದಿನ, ವ್ಯವಸ್ಥೆಯನ್ನು ನೋಡಿಕೊಳ್ಳುವ ಇಬ್ಬರು ಒಂದೇ ಸಮಯದಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾದುವು. ಯಂತ್ರದೆದುರು ಕುಳಿತವರಿಗೆಲ್ಲ ದಿನದ ಪ್ರಕಟಣೆ ಕಾಣಿಸಬೇಕಾದಲ್ಲಿ ಸಮಸ್ತರ ಗುಟ್ಟಿನ ಪದಗಳ ಪಟ್ಟಿ ಕಾಣಿಸಿತು. ಇದರಲ್ಲಿ ಕಳ್ಳರಾರೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ನಂಬಿಕೆಯುಳ್ಳ ಇಬ್ಬರ ಕೈತಪ್ಪೇ ಸಾಕಾಯಿತು. ನಮ್ಮ ವಸ್ತುವನ್ನು ಇನ್ನೊಬ್ಬರ ಯಂತ್ರದಲ್ಲಿಟ್ಟರೆ ಅದು ಎಷ್ಟರ ಮಟ್ಟಿಗೆ ನಮ್ಮದು ಎಂಬ ಪ್ರಶ್ನೆ ಹೀಗೆ ಈ ವಿದ್ಯೆಯ ತೊಟ್ಟಿಲಲ್ಲೇ ಹುಟ್ಟಿತು.

ಅಮೆರಿಕಾದ ಈಶಾನ್ಯದ ಇನ್ನೊಂದು ಊರಿನಲ್ಲಿ, ಡಾರ್ಟ್‌ಮತ್ ಕಾಲೇಜಿನಲ್ಲಿ, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತದ ಅಧ್ಯಾಪಕರು ಕಾಲದ ಹಂಚಿಕೆಯನ್ನು ಇನ್ನೂ ಧಾರಾಳವಾಗಿ ನೋಡಿದರು. ಗ್ರಂಥಭಂಡಾರದ ಬಾಗಿಲು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿರುವಂತೆ ಕಂಪ್ಯೂಟರೂ ತೆರೆದಿರಬೇಕು, ಸಾಹಿತ್ಯವನ್ನು ಓದುವವನಿಗೂ ಅದು ಒದಗಬೇಕು ಎಂಬುದು ಅವರ ಹಟ. ಅದಕ್ಕಾಗಿ ಬೇಸಿಕ್ ಎಂಬ ಸುಲಭವಾದ ಭಾಷೆಯನ್ನೇ ರಚಿಸಿದರು. 1964ನೆಯ ಇಸವಿ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅವರ ವ್ಯವಸ್ಥೆ ಮೊದಲ ಬಾರಿಗೆ ಉತ್ತರ ಕೊಟ್ಟಿತು. ಅದರ ಬಹುಭಾಗವನ್ನು ಬರೆದವರು ವಿದ್ಯಾರ್ಥಿಗಳೇ. ಅವರು ಬಳಸಿದ ಯಂತ್ರಗಳು ಯಾರವು ಗೊತ್ತೇ? ಶಿವನಸಮುದ್ರಕ್ಕೆ ವಿದ್ಯುದ್ಯಂತ್ರಗಳನ್ನು ಕಳಿಸಿದ ಆ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು.

ಆ ಕಂಪೆನಿ ಅಷ್ಟಕ್ಕೇ ನಿಲ್ಲಲಿಲ್ಲ. ಎಂ.ಐ.ಟಿ. ಮತ್ತು ಬೆಲ್ ಪ್ರಯೋಗಶಾಲೆಗಳ ಜೊತೆ ಸೇರಿ ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಗೆ ಕೈಹಾಕಿತು. ವಿದ್ಯುದಾಗಾರದಂತೆ ಹಗಲಿರುಳೂ ನಿಲ್ಲದೆ ನಡೆಯುತ್ತ, ಒಂದು ನಗರಕ್ಕೆಲ್ಲ ಲೆಕ್ಕದ ಶಕ್ತಿಯನ್ನು ಒದಗಿಸುವಂಥ ವ್ಯವಸ್ಥೆಯನ್ನು ಕಟ್ಟುವುದೇ ಅದರ ಗುರಿ. ಗುರಿ ದೊಡ್ಡದಾಯಿತು, ಕೆಲಸ ತಡವಾಯಿತು. 1969ರಲ್ಲಿ ಬೆಲ್ ಪ್ರಯೋಗಶಾಲೆಗಳು ಕೈಬಿಟ್ಟುವು. ಮರುವರ್ಷ ಜನರಲ್ ಎಲೆಕ್ಟ್ರಿಕ್ ಕಂಪೆನಿ ತನ್ನ ಕಂಪ್ಯೂಟರ್ ವ್ಯಾಪಾರವನ್ನೇ ಹನಿವೆಲ್ ಕಂಪೆನಿಗೆ ಮಾರಿತು. ಮಲ್ಟಿಕ್ಸ್ ಸೋತಿತೆಂದು ಬರೆಯುವವರುಂಟು; ನಾನು ಅದನ್ನು ಪೂರ್ತಿ ಒಪ್ಪಲಾರೆ. ಅಲ್ಲಿಂದ ಹೊರಬಂದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಕಲಿತದ್ದನ್ನು ಮರೆಯದೆ ಯೂನಿಕ್ಸ್ ಎಂಬ ಚಿಕ್ಕ, ಚೊಕ್ಕ ವ್ಯವಸ್ಥೆಯನ್ನು ಬರೆದರು. ಅದರ ಮಾದರಿಯಲ್ಲಿ 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಇಂದು ಕ್ಲೌಡಿನ ಯಂತ್ರಗಳಲ್ಲಿ ಬಹುಪಾಲನ್ನು ನಡೆಸುತ್ತಿದೆ. ಇನ್ನು ಮಲ್ಟಿಕ್ಸ್ ನಡೆಯುತ್ತಿದ್ದ ಕಡೆಯ ಯಂತ್ರವನ್ನು ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ 2000ದ ಅಕ್ಟೋಬರ್ 30ರಂದು ಆರಿಸಿದರು.

ಅಷ್ಟು ಹೊತ್ತಿಗೆ ಸಾರ್ವಜನಿಕ ಲೆಕ್ಕದ ಕನಸನ್ನು ಜನ ಮರೆತೇಬಿಟ್ಟಿದ್ದರು. ಕಾರಣ ಸರಳವಾದುದು. 1970ರ ದಶಕದಲ್ಲಿ ಬೆರಳಿನ ಉಗುರಿನಷ್ಟು ಸಿಲಿಕಾನ್ ತುಣುಕಿನ ಮೇಲೆ ಇಡೀ ಗಣಕದ ಮಿದುಳನ್ನು ಕೊರೆಯಲು ಸಾಧ್ಯವಾಯಿತು. ಯಂತ್ರ ಅಗ್ಗವಾಯಿತು. 1981ರಲ್ಲಿ ಐ.ಬಿ.ಎಂ. ಕಂಪೆನಿ ಮೇಜಿನ ಮೇಲೆ ಇಡುವ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಸ್ವಂತ ಬಾವಿ ತೋಡಿಸಿಕೊಳ್ಳಬಲ್ಲವರು ಬೀದಿಯ ನಲ್ಲಿಗೆ ಏಕೆ ಹೋದಾರು?

ಆದರೆ ಬಾವಿಯನ್ನು ತೋಡಿಸುವುದು ಒಂದು, ಅದನ್ನು ಕಾಪಾಡಿಕೊಂಡು ಬರುವುದು ಇನ್ನೊಂದು. 1990ರ ದಶಕದಲ್ಲಿ ಅಂತರಜಾಲ ಹರಡಿದ ಹಾಗೆ ಬ್ಯಾಂಕು, ಅಂಗಡಿ, ಪತ್ರಿಕಾ ಕಚೇರಿ, ಎಲ್ಲರಿಗೂ ಹಗಲಿರುಳು ನಡೆಯುವ ಸರ್ವರ್ ಯಂತ್ರಗಳು ಬೇಕಾದುವು. ಅವಕ್ಕೆ ಬೇರೆ ಕೋಣೆ, ಏರ್‌ಕಂಡೀಷನ್, ಬ್ಯಾಟರಿ, ನೋಡಿಕೊಳ್ಳುವ ಸಿಬ್ಬಂದಿ. ಮೂರು ನಾಲ್ಕು ವರ್ಷಕ್ಕೆ ಹಳತಾಗುವ ಯಂತ್ರವನ್ನು ಬದಲಿಸುವ ಖರ್ಚು. ಜೊತೆಗೆ ಎಷ್ಟು ಯಂತ್ರಗಳನ್ನು ಕೊಳ್ಳಬೇಕೆಂಬ ಬಗೆಹರಿಯದ ಲೆಕ್ಕ. ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸುವ ಒಂದು ಕಚೇರಿಯನ್ನು ಊಹಿಸಿ. ವರ್ಷದಲ್ಲಿ ಒಂದು ದಿನ ಬೆಳಿಗ್ಗೆ ಲಕ್ಷಾಂತರ ತಂದೆತಾಯಂದಿರು ಒಟ್ಟಿಗೆ ಬಾಗಿಲು ಬಡಿಯುತ್ತಾರೆ; ಮಿಕ್ಕ ದಿನಗಳಲ್ಲಿ ಯಾರೂ ಆ ಕಡೆ ಸುಳಿಯುವುದಿಲ್ಲ. ಆ ಒಂದು ಬೆಳಿಗ್ಗೆಗೆ ಸಾಲುವಷ್ಟು ಕೊಂಡರೆ ವರ್ಷವೆಲ್ಲ ದಂಡ. ಕಡಮೆ ಕೊಂಡರೆ ಆ ದಿನ ಮಕ್ಕಳ ಶಾಪ.

ಯಂತ್ರವನ್ನು ಹಂಚುವ ವಿಚಾರ ಮರಳಿ ಬಂದದ್ದು ಇಲ್ಲಿ. ಮೊದಲ ಸಲ ಅದು ಹುಟ್ಟಿದಾಗ ಯಂತ್ರವೇ ದುಬಾರಿಯಾಗಿತ್ತು. ಈ ಸಲ ದುಬಾರಿಯಾದುದು ಯಂತ್ರವನ್ನು ಸಾಕುವ ಕೆಲಸ.

ಹಂಚುವ ವಿದ್ಯೆಯಲ್ಲೂ ಈ ಮಧ್ಯೆ ಒಂದು ಸುಧಾರಣೆಯಾಗಿತ್ತು. ನಮ್ಮ ಮೈಸೂರು ಬೆಂಗಳೂರುಗಳ ಹಳೆಯ ವಠಾರಗಳನ್ನು ನೀವು ಬಲ್ಲಿರಿ. ಹೊರಗಿನಿಂದ ಒಂದೇ ಹೆಬ್ಬಾಗಿಲು, ಒಂದೇ ಅಂಗಳ. ಒಳಗೆ ಎಂಟು ಸಂಸಾರ, ಎಂಟು ಅಡಿಗೆಮನೆ, ಎಂಟು ಬೀಗ. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಒಂದು ಮನೆ. ಹಾಗೆಯೇ ಒಂದು ಗಟ್ಟಿ ಕಂಪ್ಯೂಟರಿನೊಳಗೆ ಹಲವು ತೋರಿಕೆಯ ಕಂಪ್ಯೂಟರುಗಳನ್ನು ಎಬ್ಬಿಸಬಹುದು. ಪ್ರತಿಯೊಂದೂ ತಾನು ಪೂರ್ಣ ಯಂತ್ರವೆಂದೇ ನಡೆದುಕೊಳ್ಳುತ್ತದೆ. ಪಕ್ಕದ ಮನೆಯವರ ಸುದ್ದಿ ಅದಕ್ಕೆ ತಿಳಿಯದು. ಇದಕ್ಕೆ ವರ್ಚುಯಲ್ ಮೆಷೀನ್ ಎನ್ನುತ್ತಾರೆ. 1960ರ ದಶಕದಲ್ಲಿ ಐ.ಬಿ.ಎಂ. ಕಂಪೆನಿಯ ಕೇಂಬ್ರಿಜ್ ಕೇಂದ್ರದವರು, ಎಂ.ಐ.ಟಿ.ಯ ನೆರೆಯಲ್ಲೇ, ಇದನ್ನು ಸಾಧಿಸಿದ್ದರು. 1999ರಲ್ಲಿ ವಿ.ಎಂ.ವೇರ್ ಎಂಬ ಹೊಸ ಕಂಪೆನಿ ಸಾಮಾನ್ಯವಾದ ಪರ್ಸನಲ್ ಕಂಪ್ಯೂಟರಿನಲ್ಲೂ ಅದು ಆಗುವಂತೆ ಮಾಡಿತು. ವಠಾರದ ಒಡೆಯನಿಗೆ ಇದರಿಂದಾದ ಲಾಭವನ್ನು ಯಾರಾದರೂ ಊಹಿಸಬಹುದು: ಖಾಲಿ ಕೋಣೆಯೇ ಉಳಿಯುವುದಿಲ್ಲ.

ಅಮೆಜಾನ್ ಎಂಬ ಪುಸ್ತಕದ ಅಂಗಡಿ ರಂಗಕ್ಕೆ ಬಂದದ್ದು ಈ ಹೊತ್ತಿನಲ್ಲಿ. 1995ರಲ್ಲಿ ಅಂತರಜಾಲದ ಮೂಲಕ ಪುಸ್ತಕಗಳನ್ನು ಮಾರಲಾರಂಭಿಸಿದ ಈ ಅಂಗಡಿ ಹತ್ತು ವರ್ಷಗಳಲ್ಲಿ ದೊಡ್ಡ ವ್ಯಾಪಾರವಾಗಿತ್ತು. ಹೊಸದಾಗಿ ಏನನ್ನಾದರೂ ಮಾಡಹೊರಟ ಅದರ ಪ್ರತಿಯೊಂದು ತಂಡವೂ ಮೊದಲಿನಿಂದ ಯಂತ್ರಗಳನ್ನು ಜೋಡಿಸಿಕೊಳ್ಳುವುದರಲ್ಲೇ ತಿಂಗಳುಗಳನ್ನು ಕಳೆಯುತ್ತಿತ್ತು. ಆ ಕೆಲಸವನ್ನು ಒಂದೇ ಸಲ ಚೆನ್ನಾಗಿ ಮಾಡಿ ಎಲ್ಲರಿಗೂ ಒದಗಿಸಿದರೆ ಹೇಗೆ, ಹೊರಗಿನವರಿಗೂ ಮಾರಿದರೆ ಹೇಗೆ ಎಂಬ ಯೋಚನೆ ಬಂತು. ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಕೊಂಡ ಯಂತ್ರಗಳು ಮಿಕ್ಕಿದ್ದುವು, ಅವನ್ನು ಬಾಡಿಗೆಗೆ ಬಿಟ್ಟರು ಎಂಬ ಒಂದು ಸ್ವಾರಸ್ಯವಾದ ಕತೆ ಪ್ರಚಾರದಲ್ಲಿದೆ. ಆ ಕಂಪೆನಿಯವರೇ ಅದನ್ನು ಅಲ್ಲಗಳೆದಿದ್ದಾರೆ. ಮುಂದಿನ ಕ್ರಿಸ್‌ಮಸ್ ಬಂದಾಗ ಬಾಡಿಗೆದಾರರನ್ನು ಎಲ್ಲಿಗೆ ಅಟ್ಟುವುದು, ಹೇಳಿ!

2006ರ ಮಾರ್ಚ್ 14ರಂದು ಅಮೆಜಾನ್ ಕಡತಗಳನ್ನು ಇಟ್ಟುಕೊಳ್ಳುವ ಸೇವೆಯನ್ನು ತೆರೆಯಿತು. ಒಂದು ಗಿಗಾಬೈಟಿಗೆ ತಿಂಗಳಿಗೆ 15 ಸೆಂಟು. ಅದೇ ಆಗಸ್ಟ್ 25ರಂದು ಯಂತ್ರಗಳನ್ನೇ ಬಾಡಿಗೆಗೆ ಕೊಡುವ ಸೇವೆ. ಗಂಟೆಗೆ 10 ಸೆಂಟು. ಈ ಎರಡನೆಯದನ್ನು ರೂಪಿಸಿದ್ದು ಅಮೆರಿಕಾದಿಂದ ಬಹು ದೂರದಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ, ಕ್ರಿಸ್ ಪಿಂಕ್‌ಹ್ಯಾಮ್ ಅವರ ನೇತೃತ್ವದ ಒಂದು ಚಿಕ್ಕ ತಂಡ. ಕರಾರುಪತ್ರವಿಲ್ಲ, ಮುಂಗಡವಿಲ್ಲ, ಯಾರನ್ನೂ ಕಂಡು ಮಾತಾಡಬೇಕಾಗಿಲ್ಲ. ಬೇಕಾದಾಗ ಯಂತ್ರವನ್ನು ತೆಗೆದುಕೊಂಡು, ಬೇಡವಾದಾಗ ಹಿಂದಿರುಗಿಸಬಹುದು. ಮೆಕಾರ್ಥಿಯವರ ಮಾತು ನಲವತ್ತೈದು ವರ್ಷಗಳ ಮೇಲೆ ನಿಜವಾಯಿತು. ಅದನ್ನು ಅವರು ಕಣ್ಣಾರೆ ಕಂಡರು, 2011ರಲ್ಲಿ ತೀರಿಕೊಂಡರು.

ಈ ಏರ್ಪಾಡಿನ ಲಾಭವೆಷ್ಟು ಎಂಬುದಕ್ಕೆ ಒಂದು ನಿದರ್ಶನ ಸಾಕು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು 1851ರಿಂದ ಮೊದಲುಗೊಂಡ ತಮ್ಮ ಹಳೆಯ ಸಂಚಿಕೆಗಳ ಸುಮಾರು 1 ಕೋಟಿ 10 ಲಕ್ಷ ಲೇಖನಗಳನ್ನು ಓದುಗರು ಅಂತರಜಾಲದಲ್ಲಿ ನೋಡುವಂತೆ ಮಾಡಬೇಕಾಗಿತ್ತು. ಒಂದು ಯಂತ್ರಕ್ಕೆ ತಿಂಗಳುಗಳ ಕೆಲಸ. ಅವರು 100 ಯಂತ್ರಗಳನ್ನು ಬಾಡಿಗೆಗೆ ಹಿಡಿದರು. ಒಂದು ದಿನದೊಳಗೆ ಕೆಲಸ ಮುಗಿಯಿತು. ಗಂಟೆಗೆ 10 ಸೆಂಟಿನಂತೆ ನೂರು ಯಂತ್ರಗಳಿಗೆ ಒಂದು ದಿನಕ್ಕೆ 240 ಡಾಲರು. ಒಂದು ಯಂತ್ರವನ್ನು ನೂರು ದಿನ ನಡೆಸಿದ್ದರೂ ಅಷ್ಟೇ ಆಗುತ್ತಿತ್ತು. ಒಬ್ಬ ಆಳು ನೂರು ದಿನ ದುಡಿಯುವುದಕ್ಕೂ ನೂರು ಆಳು ಒಂದು ದಿನ ದುಡಿಯುವುದಕ್ಕೂ ಕೂಲಿ ಒಂದೇ ಎಂಬುದು ಹೊಲದಲ್ಲಿ ಎಂದಿನಿಂದಲೂ ಉಂಟು. ಕಂಪ್ಯೂಟರಿನ ಜಗತ್ತಿಗೆ ಅದು ಹೊಸದು. ಚಿಕ್ಕ ಬಂಡವಾಳದವನೂ ಒಂದು ದಿನದ ಮಟ್ಟಿಗೆ ದೊಡ್ಡ ಯಂತ್ರಾಲಯದ ಒಡೆಯನಾಗಬಹುದು. ಯೋಚನೆ ಫಲಿಸದಿದ್ದರೆ ಹಿಂದಿರುಗಿಸಿ ಬರಬಹುದು. ತಲೆಯ ಮೇಲೆ ಕೊಂಡ ಯಂತ್ರದ ಸಾಲ ಉಳಿಯುವುದಿಲ್ಲ.

ಗೂಗಲ್ 2008ರಲ್ಲಿ, ಮೈಕ್ರೋಸಾಫ್ಟ್ 2010ರಲ್ಲಿ ಇಂಥ ಸೇವೆಗಳನ್ನು ತೆರೆದುವು. 2011ರಲ್ಲಿ ಅಮೆರಿಕಾ ಸರ್ಕಾರದ ಮಾನಕ ಸಂಸ್ಥೆ ಕ್ಲೌಡಿನ ಲಕ್ಷಣಗಳನ್ನು ಬರೆದು ಪ್ರಕಟಿಸಿತು. ಬೇಕೆಂದಾಗ ತಾನೇ ತೆಗೆದುಕೊಳ್ಳುವಂತಿರಬೇಕು, ಎಲ್ಲಿಂದಲಾದರೂ ಸಿಗುವಂತಿರಬೇಕು, ಹಲವರ ನಡುವೆ ಹಂಚಿಕೊಂಡಿರಬೇಕು, ಬೇಕಾದ ಹಾಗೆ ಹಿಗ್ಗಿ ಕುಗ್ಗಬೇಕು, ಅಳತೆಗೆ ಸಿಗಬೇಕು ಎಂದು ಅದರ ತಾತ್ಪರ್ಯ. ನಮ್ಮ ಮನೆಯ ಗೋಡೆಯ ವಿದ್ಯುತ್ ಮೀಟರನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದುದು ಹೆಚ್ಚೇನಿಲ್ಲ. ಭಾರತ ಸರ್ಕಾರವು 2014ರಲ್ಲಿ ತನ್ನ ಕಚೇರಿಗಳಿಗಾಗಿ ಇಂಥದೇ ಒಂದು ವ್ಯವಸ್ಥೆಯನ್ನು ಆರಂಭಿಸಿ ಅದಕ್ಕೆ ಮೇಘರಾಜ್ ಎಂದು ಹೆಸರಿಟ್ಟಿತು. ಮರುವರ್ಷ ಬಂದ ಡಿಜಿಲಾಕರ್ ಎಂಬ ಸೌಲಭ್ಯದಲ್ಲಿ ಮಕ್ಕಳ ಅಂಕಪಟ್ಟಿ, ವಾಹನದ ಪರವಾನಗಿ ಮೊದಲಾದುವು ಕಾಗದವಿಲ್ಲದೆ ದೊರೆಯತೊಡಗಿದುವು. 2016ರಲ್ಲಿ ಅಮೆಜಾನ್ ಮುಂಬಯಿಯಲ್ಲೇ ಡೇಟಾ ಸೆಂಟರುಗಳನ್ನು ತೆರೆದ ಮೇಲೆ ನಮ್ಮ ಕೆಲವು ಕಡತಗಳಾದರೂ ಸಮುದ್ರ ದಾಟುವುದು ತಪ್ಪಿತು.

ಇಷ್ಟನ್ನು ಕೇಳಿ ಲಾಭವೇ ಲಾಭವೆಂದು ತಿಳಿಯಬಾರದು. ವಿದ್ಯುತ್ತಿಗೂ ಇದಕ್ಕೂ ಒಂದು ಮುಖ್ಯವಾದ ಭೇದವಿದೆ. ವಿದ್ಯುತ್ತು ನಮ್ಮ ಮನೆಗೆ ಬರುತ್ತದೆ, ನಮ್ಮದೇನನ್ನೂ ಒಯ್ಯುವುದಿಲ್ಲ. ಕ್ಲೌಡಿಗೆ ನಮ್ಮ ಪತ್ರ, ಚಿತ್ರ, ಲೆಕ್ಕ, ರೋಗದ ವಿವರ ಎಲ್ಲವೂ ಹೋಗುತ್ತದೆ. ವಠಾರದ ಗೋಡೆಗಳು ಅಷ್ಟೇನೂ ದಪ್ಪವಲ್ಲವೆಂದು 2018ರ ಜನವರಿಯಲ್ಲಿ ತಿಳಿದುಬಂತು. ಜಗತ್ತಿನ ಹೆಚ್ಚಿನ ಕಂಪ್ಯೂಟರುಗಳ ಮಿದುಳಿನ ರಚನೆಯಲ್ಲೇ ಇರುವ ದೋಷಗಳಿಂದ ಒಂದು ಬಿಡಾರದವನು ಗೋಡೆಯಾಚೆಯ ಮಾತನ್ನು ಕದ್ದು ಕೇಳುವ ಸಾಧ್ಯತೆಯಿದೆಯೆಂದು ಸಂಶೋಧಕರು ತೋರಿಸಿದರು. ಕ್ಲೌಡಿನ ಕಂಪೆನಿಗಳು ಅವಸರವಸರವಾಗಿ ತೇಪೆ ಹಾಕಬೇಕಾಯಿತು.

ಇನ್ನೊಂದು ತೊಡಕು, ಎಲ್ಲರೂ ಒಂದೇ ಮರದ ಕೆಳಗೆ ನಿಂತದ್ದರಿಂದ ಬಂದದ್ದು. 2017ರ ಫೆಬ್ರವರಿ 28ರಂದು ಅಮೆಜಾನ್ ಕಡತಸೇವೆಯ ಸಿಬ್ಬಂದಿಯೊಬ್ಬರು ಕೆಲವು ಯಂತ್ರಗಳನ್ನು ಸೇವೆಯಿಂದ ತೆಗೆಯಲು ಒಂದು ಆಜ್ಞೆಯನ್ನು ಟೈಪು ಮಾಡಿದರು. ಅದರಲ್ಲಿ ಒಂದು ಅಂಶ ತಪ್ಪಾಗಿ, ಬೇಕಾದುದಕ್ಕಿಂತ ಬಹಳ ಹೆಚ್ಚು ಯಂತ್ರಗಳು ಹೊರಬಿದ್ದುವು. ಅದನ್ನೇ ನೆಚ್ಚಿಕೊಂಡಿದ್ದ ಅಸಂಖ್ಯಾತ ಕಚೇರಿಗಳೂ ಅಂಗಡಿಗಳೂ ಸುಮಾರು ನಾಲ್ಕು ಗಂಟೆಗಳ ಕಾಲ ತತ್ತರಿಸಿದುವು. ಮೊದಲು ಒಬ್ಬರ ಯಂತ್ರ ಕೆಟ್ಟರೆ ಒಬ್ಬರಿಗೆ ತೊಂದರೆಯಾಗುತ್ತಿತ್ತು. ಕೊರ್ಬಾಟೋ ಅವರ ಕಾಲದ ಆ ಇಬ್ಬರ ಕೈತಪ್ಪು ಒಂದು ಸಂಸ್ಥೆಯೊಳಗೆ ಮುಗಿದುಹೋಗಿತ್ತು. ಈ ಒಬ್ಬರ ಕೈತಪ್ಪು ಖಂಡಾಂತರಗಳಿಗೆ ಮುಟ್ಟಿತು. ಈ ಕಟ್ಟಡಗಳ ಹಸಿವೂ ಸಣ್ಣದಲ್ಲ. 2024ರಲ್ಲಿ ಜಗತ್ತು ಬಳಸಿದ ಒಟ್ಟು ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಡೇಟಾ ಸೆಂಟರುಗಳಿಗೇ ಹೋಯಿತೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆ ಅಂದಾಜು ಮಾಡಿದೆ. ಮೋಡವೂ ಕೊನೆಗೆ ಯಾವುದೋ ಹೊಳೆಯನ್ನೋ ಕಲ್ಲಿದ್ದಲನ್ನೋ ನಂಬಿಕೊಂಡಿದೆ.

ಕ್ಲೌಡಿನಲ್ಲಿಟ್ಟದ್ದು ಎಂದಿಗೂ ಹಾಳಾಗದೆಂದು ನಂಬಿದವರಿಗೆ 2021ರ ಮಾರ್ಚ್ 10ರ ರಾತ್ರಿ ಒಂದು ಸುದ್ದಿ ತಂದಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ, ರೈನ್ ನದಿಯ ಹತ್ತಿರ, ಓ.ವಿ.ಎಚ್. ಎಂಬ ಕ್ಲೌಡ್ ಕಂಪೆನಿಯ ಐದು ಅಂತಸ್ತಿನ ಡೇಟಾ ಸೆಂಟರಿಗೆ ಬೆಂಕಿ ಹತ್ತಿತು. ಬೆಳಗಾಗುವ ಹೊತ್ತಿಗೆ ಆ ಕಟ್ಟಡ ಸುಟ್ಟು ಹೋಗಿತ್ತು. ಪಕ್ಕದ ಕಟ್ಟಡದ ಒಂದು ಭಾಗಕ್ಕೂ ಪೆಟ್ಟು ತಾಗಿತ್ತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ತಮ್ಮ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿ ಇರಿಸಿದ್ದವರು ಕೆಲಸವನ್ನು ಮತ್ತೆ ಹಚ್ಚಿಕೊಂಡರು. ಪ್ರತಿಯನ್ನೇ ಇಡದವರೂ, ಅದೇ ಆವರಣದಲ್ಲಿ ಪ್ರತಿಯಿಟ್ಟು ಎರಡನ್ನೂ ಕಳೆದುಕೊಂಡವರೂ ಇದ್ದರು.

ನಾಮಕರಣದ ಆ ಚಿತ್ರಗಳಲ್ಲಿ ಒಳ್ಳೆಯ ನಾಲ್ಕನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಲು ಪೇಟೆಯ ಸ್ಟುಡಿಯೋದಲ್ಲಿ ಹೆಚ್ಚು ಖರ್ಚಾಗುವುದಿಲ್ಲ. ಮಿಕ್ಕವನ್ನು ಒಂದು ಚಿಕ್ಕ ಡಿಸ್ಕಿಗೆ ಇಳಿಸಿ ಆಲ್ಬಮ್ಮಿನ ಜೊತೆ ಬೀರುವಿನಲ್ಲಿಡಬಹುದು.